ರೈಸಿದ ಶೋ, ಸಪ್ಪೆ ಶೋ: ನಿಮ್ಮ ಕನ್ಸರ್ಟ್ ಕತೆ ಹೇಳಿ

ಕುಂದಾಪ್ರದ ಮಾಣಿ, ಡೊಂಬಿವಲಿ · ಶನಿವಾರ ರಾತ್ರಿ 1:40

ನಿದ್ದೆ ಬರುವುದಿಲ್ಲ, ಅದಕ್ಕೇ ಬರೀತಾ ಇದ್ದೇನೆ. ಈಗ ತಾನೇ ಮನೆಗೆ ಬಂದೆ. ಕಿವಿಯಲ್ಲಿ ಇನ್ನೂ ಗುಂಯ್ ಅಂತ ಉಂಟು, ಕಿಸೆಯಲ್ಲಿ ಒಂಬತ್ತು ಸಾವಿರ ಇಲ್ಲ.

ಹದಿನೈದು ವರ್ಷದಿಂದ ಕೇಳಿದ ಬ್ಯಾಂಡ್. ಹೆಸರು ಬೇಡ. ಹೆಸರು ಹೇಳಿದ ಕೂಡಲೇ ಅಭಿಮಾನಿಗಳು ಬಂದು ನನ್ನ ಜಾತಕ ಬಿಡಿಸ್ತಾರೆ, ಮಾತು ಎಲ್ಲಿಗೋ ಹೋಗ್ತದೆ. ಮುಂಬೈಯ ಒಂದು ದೊಡ್ಡ ಮೈದಾನ. ಸಂಜೆ ನಾಲ್ಕಕ್ಕೇ ಒಳಗೆ ಹೋಗಿ ನಿಂತವ ನಾನು. ಎಂಟೂಕಾಲಿಗೆ ಅವರು ಬಂದರು. ಮೊದಲ ಹಾಡಿನಲ್ಲಿ ಗಿಟಾರ್ ಕೇಳಲಿಲ್ಲ. ಎರಡನೇದಕ್ಕೆ ಸರಿ ಮಾಡ್ತಾರೆ ಅಂದುಕೊಂಡೆ. ಎರಡು, ಮೂರು, ನಾಲ್ಕು... ಬೇಸ್ ಮಾತ್ರ ಎದೆಗೆ ಗುದ್ದುತ್ತಾ ಇತ್ತು, ಗಿಟಾರ್ ಪಕ್ಕದ ಬಿಲ್ಡಿಂಗಿನಲ್ಲಿ ಯಾರೋ ಬಾರಿಸಿದ ಹಾಗೆ. ಕೋರಸ್ ಬಂದಾಗ ಹಾಡುಗಾರ ಮೈಕನ್ನು ಜನರ ಕಡೆ ತಿರುಗಿಸಿದ. ಜನ ಹಾಡಿದರು. ಆದರೆ ಅವನ ದನಿಯೂ ಸ್ಪೀಕರಿನಿಂದ ಬರ್ತಾನೇ ಇತ್ತು ಮಾರಾಯ್ರೆ! ಬಾಯಿ ಮುಚ್ಚಿಕೊಂಡು ಹಾಡುವ ಮನುಷ್ಯನನ್ನು ನಾನು ನೋಡಿದ್ದು ಇದೇ ಮೊದಲು. ಐವತ್ತೈದು ನಿಮಿಷಕ್ಕೆ ಮುಗಿಯಿತು. ನಡುವೆ ಮಾತು ಅಂತ ಆಡಿದ್ದು ಒಂದೇ, ‘ಹಲೋ ಇಂಡಿಯಾ’. ಮುಂಬೈ ಅಂತ ಸಹ ಇಲ್ಲ.

ದಾದರ್ ಬ್ರಿಡ್ಜ್ ಹತ್ತುವಾಗ ಅದೇ ಬ್ಯಾಂಡಿನ ಟೀಶರ್ಟ್ ಹಾಕಿದವರು ಇಪ್ಪತ್ತು ಜನ ಆದರೂ ಇದ್ದರು. ಒಬ್ಬನ ಬಾಯಲ್ಲೂ ಹಾಡಿಲ್ಲ. ವಡಾಪಾವ್ ತಿಂದುಕೊಂಡು ಅವರವರ ಪ್ಲಾಟ್‌ಫಾರ್ಮಿಗೆ ಹೋದರು, ಆಫೀಸು ಬಿಟ್ಟವರ ಹಾಗೆ.

ಒಳ್ಳೆ ಶೋ ಬಿಟ್ಟ ಮೇಲೆ ಸ್ಟೇಷನ್ ಹೇಗಿರ್ತದೆ ಅಂತ ನನಗೆ ಗೊತ್ತಾದದ್ದು 2008ರಲ್ಲಿ. ಫೆಬ್ರವರಿ 1, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಎಂಎಂಆರ್‌ಡಿಎ ಮೈದಾನ, ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್. ಆ ವಿಶ್ವ ಪ್ರವಾಸದ ಮೊತ್ತಮೊದಲ ಶೋ ನಮ್ಮಲ್ಲೇ. ಹಾಡುಗಾರ ಬ್ರೂಸ್ ಡಿಕಿನ್ಸನ್ ಪೈಲಟ್ ಸಹ ಹೌದು. ಬ್ಯಾಂಡು, ಕೆಲಸದವರು, ಸಾಮಾನು ಎಲ್ಲ ತುಂಬಿದ ಬೋಯಿಂಗ್ 757ರಲ್ಲಿ ಊರೂರು ತಿರುಗಿದ್ದು, ಚಾಲಕನ ಸೀಟಿನಲ್ಲಿ ಅವನೇ. ನಾನು ಆಗ ಮಾವನ ಕ್ಯಾಂಟೀನಿನಲ್ಲಿ ಗಲ್ಲಾ ನೋಡಿಕೊಂಡು ಓದ್ತಾ ಇದ್ದೆ. ‘ಹಾಡುವವನೇ ವಿಮಾನ ಬಿಡ್ತಾನೆ ಮಾವ’ ಅಂದೆ. ‘ಭಾಗವತರೇ ಮೇಳದ ಬಸ್ಸು ಬಿಟ್ಟ ಹಾಗಾಯ್ತಲ್ಲ’ ಅಂತ ನಗಾಡಿ ಟಿಕೆಟಿಗೆ ದುಡ್ಡು ಕೊಟ್ಟರು.

ದೀಪ ಆರಿತು. ಚರ್ಚಿಲ್‌ನ ಯುದ್ಧಕಾಲದ ಭಾಷಣದ ರೆಕಾರ್ಡು. ಅದು ಮುಗಿದದ್ದೇ ತಡ, ಮೂರು ಗಿಟಾರು ಒಟ್ಟಿಗೆ. ವೇದಿಕೆ ತುಂಬಾ ಈಜಿಪ್ಟಿನ ಸೆಟ್ಟು. ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಮುದಿ ನಾವಿಕನ ಕಾವ್ಯದಿಂದ ಮಾಡಿದ ಹಾಡು ಉಂಟಲ್ಲ, ಹದಿಮೂರು ನಿಮಿಷದ್ದು, ಅದನ್ನು ಅಷ್ಟೂ ಹೇಳಿದರು. ನಡುವೆ ಹಡಗಿನ ಹಲಗೆ ಕಿರ್‌ಗುಟ್ಟುವಲ್ಲಿ ಇಡೀ ಮೈದಾನ ಮೌನ. ಮೈ ಜುಂ ಅಂತು. ನಮ್ಮ ಕಡೆ ಯಕ್ಷಗಾನ ಕಳೆಗಟ್ಟಿದರೆ ‘ಆಟ ರೈಸಿತು’ ಅನ್ನುವುದು, ಇದಕ್ಕೇ. ಆ ರಾತ್ರಿ ಕುರ್ಲಾ ಸ್ಟೇಷನ್ನಿನಲ್ಲಿ ಬೆಂಚು ಬಡಿದುಕೊಂಡು ಹಾಡಿದ್ದೇವೆ, ಟಿಸಿ ಸಹ ಬಿಟ್ಟುಬಿಟ್ಟ.

ನಿಮ್ಮದು ಹೇಳಿ. ಯಾವುದು ರೈಸಿತು, ಯಾವುದು ಬಿತ್ತು, ಯಾಕೆ? ಬ್ಯಾಂಡಿನವರು ಬೇಸರದಲ್ಲಿ ಬಾರಿಸಿದ್ದೋ, ನನಗೇ ವಯಸ್ಸಾದದ್ದೋ?

ಧಾರವಾಡ ಪೇಢೆ, ಹಿಂಜವಡಿ · ಭಾನುವಾರ ಬೆಳಿಗ್ಗೆ 8:15

ಮಾಣಿಯವರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ನಿಂತದ್ದು ಎಲ್ಲಿ?

ನಾಕ ಗಂಟೆಕ್ಕ ಒಳಗ ಹೋದವರು ಮುಂದಿನ ಕಟಕಟೆಗೆ ಹೊಟ್ಟಿ ಹಚ್ಚಿಕೊಂಡ ನಿಂತಿರಬೇಕು. ಅಲ್ಲೇ ಎಡವಟ್ಟಾತು. ದೊಡ್ಡ ಸ್ಪೀಕರ್ ವೇದಿಕೆಯ ಎಡಬಲಕ್ಕ ಮ್ಯಾಲೆ ಬಾಳಿಗೊನೆ ಹಂಗ ತೂಗಬಿಟ್ಟಿರ್ತಾರಲ್ಲ, ಅದರ ಮುಖ ಇರೂದು ಹಿಂದಿನ ಮಂದಿ ಕಡೆ. ನಿಮ್ಮ ತಲಿ ಮ್ಯಾಲೆ ಹಾಸಿ ಹೋಗ್ತದ. ಬೇಸ್ ಸ್ಪೀಕರ್ ಮಾತ್ರ ನೆಲದ ಮ್ಯಾಲೆ, ವೇದಿಕೆ ಬುಡಕ್ಕ, ಅಂದ್ರ ಸೀದಾ ನಿಮ್ಮ ಎದಿ ಮುಂದ. ಹಿಂಗಾಗಿ ಬೇಸ್ ಗುದ್ದಿತು, ಗಿಟಾರ್ ಕೇಳಲಿಲ್ಲ. ಹಾಡುವವನಿಗೆ ನೀವು ಹತ್ರ, ಅವನ ಸ್ಪೀಕರಿಗೆ ದೂರ.

ನಾ ಯಾವಾಗಲೂ ಮೈದಾನದ ನಡುವ ಇರೂ ಸೌಂಡ್ ಕನ್ಸೋಲ್ ಬೆನ್ನಿಗೆ ನಿಲ್ಲಾಂವ. ಸೌಂಡ್ ಎಂಜಿನಿಯರ್ ಮಿಕ್ಸ್ ಮಾಡೂದು ಅವನ ಕಿವಿಗೆ ಬಿದ್ದದ್ದರ ಮ್ಯಾಲೆ. ಅವನ ಕಿವಿ ಎಲ್ಲಿ ಇರ್ತದೋ ಅಲ್ಲೇ ನಮ್ಮ ಕಿವಿ ಇದ್ರ ಮುಗೀತು. ಹಾಡುಗಾರ ಕಡ್ಡಿಪೆಟ್ಟಿಗಿ ಅಷ್ಟು ಕಾಣ್ತಾನ, ಕಾಣಲಿ ಬಿಡ್ರಿ.

2019ರಾಗ ಪುಣೇದ ವೀಕೆಂಡರ್ ಸಂಗೀತ ಹಬ್ಬಕ್ಕ ಸ್ವೀಡನ್ನಿನ ಓಪೆಥ್ ಬ್ಯಾಂಡ್ ಬಂದಿತ್ತು. ಕನ್ಸೋಲ್ ಹಿಂದ ನಿಂತು ಕೇಳಿದೆ. ಒಂದೊಂದು ತಂತಿ ಬ್ಯಾರೆ ಬ್ಯಾರೆ. ಗುಡುಗಿದಂಗ ಹಾಡಿ, ಮರುಕ್ಷಣ ಮೆತ್ತಗ ಗುನುಗಿ, ಆಮ್ಯಾಲೆ ಸಂಗ್ಯಾ-ಬಾಳ್ಯಾದ ಹಾಸ್ಯಗಾರನಂಗ ಒಣ ಜೋಕ್ ಹೊಡಿಯೂದು. ಅಂಥಾ ಶೋಕ್ಕ ಅರ್ಧ ತಾಸು ಚಳಿಯೊಳಗ ಕ್ಯೂ ನಿಂತದ್ದು ಏನೂ ಅಲ್ಲ.

ಇನ್ನೊಂದು ನೆನಪು. ಇದೇ ಪುಣೇದಾಗ ರಘು ದೀಕ್ಷಿತ್ ಬ್ಯಾಂಡ್ ಕೇಳಿದ್ದೆ. ಸುತ್ತಲೂ ಮರಾಠಿ ಹುಡುಗರು, ಪಂಜಾಬಿ ಹುಡುಗ್ಯಾರು, ಒಬ್ಬರಿಗೂ ಕನ್ನಡ ಬರೂದಿಲ್ಲ. ಶರೀಫಜ್ಜನ ತತ್ವಪದಕ್ಕ ಅವರು ಕುಣದದ್ದು ನೋಡಿ ನನ್ನ ಕಣ್ಣಾಗ ನೀರು. ಶಿಶುನಾಳ ನಮ್ಮ ಅಜ್ಜಿ ಊರಿಂದ ಭಾಳ ದೂರ ಇಲ್ಲ. ಅವತ್ತು ಸೌಂಡ್ ಹೆಂಗಿತ್ತು ಅಂತ ಕೇಳಿದ್ರ, ಖರೇ ಹೇಳ್ತೇನಿ, ನನಗ ನೆನಪಿಲ್ಲ.

ಕುಂದಾಪ್ರದ ಮಾಣಿ, ಡೊಂಬಿವಲಿ · ಭಾನುವಾರ ಬೆಳಿಗ್ಗೆ 9:02

ಕಟಕಟೆಗೇ ನಿಂತಿದ್ದೆ, ಒಪ್ಪಿದೆ. ಆದರೆ 2008ರಲ್ಲೂ ನಾನು ಅಲ್ಲೇ ನಿಂತದ್ದು! ಆಗ ಕೇಳಿದ ಗಿಟಾರ್ ಈಗ ಯಾಕೆ ಕೇಳಲಿಲ್ಲ?

ಧಾರವಾಡ ಪೇಢೆ, ಹಿಂಜವಡಿ · ಭಾನುವಾರ ಬೆಳಿಗ್ಗೆ 9:10

ಆವಾಗಲೂ ಕೇಳಿರಲಿಕ್ಕಿಲ್ಲ. ಹಾಡು ಬಾಯಿಪಾಠ ಇತ್ತು, ಕೇಳದಿದ್ದದ್ದನ್ನ ನಿಮ್ಮ ತಲಿಯೇ ತುಂಬಿಸಿಕೊಂಡಿತ್ತು. ಹತ್ತೊಂಬತ್ತರ ವಯಸ್ಸಿನ ತಲಿ!

ಮಾಟುಂಗಾ ಮಲ್ಲಿಗೆ · ಭಾನುವಾರ ಬೆಳಿಗ್ಗೆ 10:30

ಪೇಢೆಯವರು ಸ್ಪೀಕರಿನ ಲೆಕ್ಕ ಸರಿಯಾಗೇ ಹೇಳಿದ್ದಾರೆ. ಆದರೆ ಕೊನೆಯ ಪ್ಯಾರಾದಲ್ಲಿ ತಮ್ಮ ವಾದವನ್ನು ತಾವೇ ಕೆಡವಿಕೊಂಡಿದ್ದಾರೆ, ಗಮನಿಸಿದಿರಾ?

ನನ್ನ ಕತೆ ಇದು. 2019ರ ಡಿಸೆಂಬರ್ 15, ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂ, ಐರ್ಲೆಂಡಿನ ಬ್ಯಾಂಡ್ ಯೂ2. ಭಾರತದಲ್ಲಿ ಅವರ ಮೊದಲ ಶೋ, ಆ ಪ್ರವಾಸದ ಕೊನೆಯ ಶೋ. 1987ರ ‘ಜೋಶುವಾ ಟ್ರೀ’ ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಅದೇ ಕ್ರಮದಲ್ಲಿ ನುಡಿಸುವ ಪ್ರವಾಸ ಅದು. ನನ್ನ ಜೊತೆ ಬರಬೇಕಿದ್ದ ಗೆಳತಿಗೆ ಡೆಂಗಿ. ಟಿಕೆಟ್ ಹಾಳಾಗಬಾರದು ಅಂತ ಅಪ್ಪನನ್ನು ಎಳೆದುಕೊಂಡು ಹೋದೆ.

ನಮ್ಮಪ್ಪನ ಪರಿಚಯ ಹೇಳದಿದ್ದರೆ ಇದು ಅರ್ಥ ಆಗುವುದಿಲ್ಲ. ಮೈಸೂರಿನಿಂದ ಬಂದು ಮೂವತ್ತೈದು ವರ್ಷ ಇಲ್ಲಿ ನೌಕರಿ ಮಾಡಿದವರು. ಭಾನುವಾರ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ, ಗಾಯನ ಇದ್ದರೆ ಅಲ್ಲಿ, ಇಲ್ಲದಿದ್ದರೆ ಮನೆಯಲ್ಲಿ ಹಳೆಯ ‘ಲಂಕೇಶ್ ಪತ್ರಿಕೆ’ಯ ಕಟ್ಟು ಬಿಚ್ಚಿ ಕೂರುವವರು. 1980ರ ಮೊದಲ ಸಂಚಿಕೆಗಳಿಂದ ಇಟ್ಟುಕೊಂಡಿದ್ದಾರೆ, ಅಮ್ಮ ಮೂರು ಸಲ ರದ್ದಿಗೆ ಹಾಕಲು ನೋಡಿ ಸೋತಿದ್ದಾಳೆ. ರಾಕ್ ಸಂಗೀತ ಅಂದರೆ ಅವರಿಗೆ ‘ಗಲಾಟೆ’. ಕಿವಿಗೆ ಹತ್ತಿ ಇಟ್ಟುಕೊಂಡೇ ಬಂದಿದ್ದರು. ಮೊದಲ ಒಂದು ಗಂಟೆ, ಇನ್ನೂರು ಅಡಿ ಅಗಲದ ಆ ಪರದೆಯ ಮೇಲೆ ಮರುಭೂಮಿಯ ರಸ್ತೆ ಓಡುತ್ತಿದ್ದಾಗಲೂ, ‘ಇಲ್ಲಿ ಕಾಫಿ ಸಿಗುತ್ತಾ’ ಅಂತ ಎರಡು ಸಲ ಕೇಳಿದರು.

ಆಮೇಲೆ ಒಂದು ಹಾಡಿಗೆ ಪರದೆಯ ಮೇಲೆ ಹೆಣ್ಣುಮಕ್ಕಳ ಮುಖಗಳು ಬರತೊಡಗಿದವು. ಲೋಕವನ್ನು ಒಂದಿಷ್ಟು ಬದಲಿಸಿದವರು. ಪ್ರತಿ ದೇಶದಲ್ಲೂ ಆಯಾ ದೇಶದವರನ್ನೂ ಸೇರಿಸುತ್ತಾರೆ. ಅವುಗಳ ನಡುವೆ ಗೌರಿ ಲಂಕೇಶ್.

ಅಪ್ಪ ಎದ್ದು ನಿಂತರು. ಕಿವಿಯ ಹತ್ತಿ ತೆಗೆದರು. ‘ಇವಳು... ನಮ್ಮ ಗೌರಿ ಅಲ್ವೇನೇ’ ಅಂದರು. ಗೌರಿ ಕೊಲೆಯಾಗಿ ಎರಡು ವರ್ಷ ಕಳೆದಿತ್ತು. ಆಗ ಇಲ್ಲಿ ನಡೆದ ಒಂದು ಸಭೆಗೆ ಅಪ್ಪ ಹೋಗಿ, ಮಾತಾಡಲು ಎದ್ದು, ಮಾತು ಬಾರದೆ ಕೂತು ಬಂದಿದ್ದರು. ಐರ್ಲೆಂಡಿನ ನಾಲ್ಕು ಜನ ಅವಳ ಮುಖವನ್ನು ಮನೆಯಷ್ಟು ಎತ್ತರ ಮಾಡಿ ತೋರಿಸುತ್ತಾರೆ ಅಂತ ಅವರು ಕನಸಿನಲ್ಲೂ ನೆನೆಸಿರಲಿಲ್ಲ. ಕೊನೆಗೆ ಎ.ಆರ್. ರೆಹಮಾನ್ ಮಕ್ಕಳ ಜೊತೆ ಬಂದು ಹಾಡಿದಾಗ ಎಲ್ಲರೂ ಕಿರುಚಿದರು. ಅಪ್ಪ ಇನ್ನೂ ಆ ಮುಖದಲ್ಲೇ ಇದ್ದರು.

ಹಾರ್ಬರ್ ಲೈನಿನಲ್ಲಿ ವಡಾಲಾ ತನಕ ಮಾತಿಲ್ಲ. ಇಳಿಯುವಾಗ, ‘ಆ ಕನ್ನಡಕದವನ ಹೆಸರೇನು’ ಅಂದರು. ಬೋನೋ ಅಂದೆ. ಈಗಲೂ ‘ಬೋನಯ್ಯ’ ಅಂತಲೇ ಕರೆಯುತ್ತಾರೆ.

ಸಪ್ಪೆ ಶೋಗಳ ಪಟ್ಟಿ ನನ್ನ ಬಳಿಯೂ ಉದ್ದವಿದೆ, ಅದರಲ್ಲಿ ಬ್ಯಾಂಡಿನ ತಪ್ಪು ಅರ್ಧ ಮಾತ್ರ. ನೀರಿನ ಬಾಟಲಿ ಗೇಟಿನಲ್ಲಿ ಕಸಿದುಕೊಂಡು ಒಳಗೆ ಅದನ್ನೇ ಮೂರು ಪಟ್ಟಿಗೆ ಮಾರುವುದು, ಸಾವಿರಾರು ಹೆಂಗಸರಿಗೆ ಬೆರಳೆಣಿಕೆಯ ಶೌಚಾಲಯ. ನನ್ನ ಮೆಚ್ಚಿನ ಹಾಡು ಬಂದಾಗ ನಾನು ಶೌಚಾಲಯದ ಸಾಲಿನಲ್ಲಿದ್ದೆ. ಗಂಡಸರು ಬರೆಯುವ ವಿಮರ್ಶೆಗಳಲ್ಲಿ ಇದು ಯಾಕೋ ಬರುವುದೇ ಇಲ್ಲ.

ನೆರೂಳ್ ನಾಗವೇಣಿ · ಭಾನುವಾರ ಮಧ್ಯಾಹ್ನ 12:20

ಅಕ್ಕಾ, ನಿಮ್ಮ ಅಪ್ಪನ ಕತೆ ಓದಿ ಆಫೀಸ್ ಗ್ರೂಪಿಗೆಲ್ಲ ಹೇಳಿದೆ.

ನಂದು ಕೋಲ್ಡ್‌ಪ್ಲೇ. ಎರಡೂ ಸಲ. 2016ರ ನವೆಂಬರ್ 19, ಎಂಎಂಆರ್‌ಡಿಎ ಮೈದಾನ. ಐನೂರು, ಸಾವಿರದ ನೋಟು ರದ್ದಾಗಿ ಹನ್ನೊಂದೇ ದಿನ! ಕೈಯಲ್ಲಿ ನಡೆಯುವ ಕಾಸು ಇಲ್ಲ, ಎಟಿಎಂ ಎಲ್ಲ ಖಾಲಿ. ಇಡೀ ದಿನ ಚಕ್ಕುಲಿ ತಿಂದುಕೊಂಡು ನಿಂತಿದ್ದೆ. ಹಾಡುಗಾರ ಕ್ರಿಸ್ ಮಾರ್ಟಿನ್ ಕಂಡದ್ದು ಹೆಬ್ಬೆರಳಿನಷ್ಟು. ಆದರೂ ಸ್ವರ್ಗ.

2025ರ ಜನವರಿಯಲ್ಲಿ ಮೂರು ರಾತ್ರಿ ನಮ್ಮ ಮನೆ ಪಕ್ಕವೇ, ಡಿ.ವೈ. ಪಾಟೀಲ್‌ನಲ್ಲಿ. ಕೈಗೆ ಆ ಬಣ್ಣ ಬದಲಿಸುವ ಪಟ್ಟಿ ಕಟ್ಟುತ್ತಾರಲ್ಲ, ಇಡೀ ಸ್ಟೇಡಿಯಂ ಒಂದೇ ಸಲ ಹಳದಿ ಆದಾಗ ಉಸಿರು ನಿಂತಿತು. ಮರಾಠಿಯಲ್ಲಿ ಎರಡು ಮಾತು ಆಡಿದರು. ಒಂದು ಮಾತೂ ಆಡದವರಿಗಿಂತ ವಾಸಿ, ಅಲ್ವಾ ಮಾಣಿಯವರೇ?

ರಂಗ್ ಭವನದ ರಾಯರು · ಭಾನುವಾರ ಮಧ್ಯಾಹ್ನ 3:45

ಕೈಗೆ ದೀಪ ಕಟ್ಟಿಕೊಂಡು ಕೂತವರು ಕೇಳುಗರೋ, ಸೀರಿಯಲ್ ಸೆಟ್ಟಿನ ಬಲ್ಬುಗಳೋ? ಮೇಲೆ ಯಾರೋ ಒಬ್ಬ ಗುಂಡಿ ಒತ್ತಿದರೆ ನೀವು ಕೆಂಪು, ಇನ್ನೊಂದು ಒತ್ತಿದರೆ ನೀಲಿ. ಕ್ಷಮಿಸಮ್ಮ ನಾಗವೇಣಿ, ಮುದುಕನ ಹಲುಬಾಟ ಅಂದುಕೋ.

ಬ್ಯಾಂಕಿನಿಂದ ನಿವೃತ್ತಿಯಾದವನು ನಾನು. ಫೋರ್ಟಿನ ಬ್ರಾಂಚಿನಲ್ಲಿ ಕ್ಯಾಷ್ ಮುಗಿಸಿ, ಟೈ ಬಿಚ್ಚಿ ಬ್ಯಾಗಿಗೆ ತುರುಕಿ, ನಡೆದುಕೊಂಡು ಧೋಬಿ ತಲಾವಿನ ರಂಗ್ ಭವನಕ್ಕೆ ಹೋಗುತ್ತಿದ್ದ ಕಾಲ. ಬಯಲು ರಂಗಮಂದಿರ, ಸೇಂಟ್ ಝೇವಿಯರ್ಸ್ ಕಾಲೇಜಿನ ನೆರೆ. 1980ರಲ್ಲಿ ‘ಪೊಲೀಸ್’ ಬ್ಯಾಂಡು ಬಂದು ಅಲ್ಲೇ ಹಾಡಿ ಹೋಗಿತ್ತು. ನಾನು ಆಗ ಊರಿನಲ್ಲಿ ಎಸ್ಸೆಸ್ಸೆಲ್ಸಿ, ಅದು ತಪ್ಪಿತು. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಅನ್ನುವ ಸಂಗೀತ ಹಬ್ಬ ಶುರುವಾಯಿತು, ಐ-ರಾಕ್ ಅನ್ನುತ್ತಿದ್ದೆವು. ಅಲ್ಲಿ ಬ್ಯಾಂಡು ಸಪ್ಪೆ ಬಾರಿಸಿದರೆ ಮುಲಾಜೇ ಇಲ್ಲ, ಕೂಗಿ ಇಳಿಸುತ್ತಿದ್ದರು. ಚೆನ್ನಾಗಿ ಬಾರಿಸಿದರೆ, ಮಳೆಯಲ್ಲಿ ನೆನೆಯುತ್ತಾ ಇನ್ನೊಂದು, ಇನ್ನೊಂದು ಅಂತ ಕೇಳುತ್ತಿದ್ದರು. ಇಂಡಸ್ ಕ್ರೀಡ್ ಅಂತ ಹೆಸರು ಬದಲಿಸುವ ಮೊದಲು ರಾಕ್ ಮೆಷಿನ್ ಅಂತಿತ್ತಲ್ಲ, ಅವರನ್ನು ಅಲ್ಲಿ ಕೇಳಿದ ಮೇಲೆ ಎರಡು ದಿನ ಲೆಡ್ಜರಿನಲ್ಲಿ ಅಂಕಿಗಳೇ ಕುಣಿಯುತ್ತಿದ್ದವು.

ಆಮೇಲೆ ಬಂತು 2000ದ ಶಬ್ದ ಮಾಲಿನ್ಯ ನಿಯಮ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಮೌನ ವಲಯ. ರಂಗ್ ಭವನದ ಒಂದು ಮಗ್ಗುಲಿಗೆ ಕಾಲೇಜು, ಸುತ್ತಮುತ್ತ ಆಸ್ಪತ್ರೆಗಳು. ಅಲ್ಲಿಗೆ ರಂಗ್ ಭವನದ ಬಾಯಿ ಕಟ್ಟಿತು. ರೋಗಿಗೆ ನಿದ್ದೆ ಬೇಕು, ನಿಯಮ ತಪ್ಪು ಅನ್ನಲಾರೆ. ಆದರೆ ಅದಕ್ಕೆ ಬದಲಾಗಿ ಈ ಊರು ಅಂಥ ಇನ್ನೊಂದು ಜಾಗ ಕಟ್ಟಿಕೊಡಲಿಲ್ಲ, ನನ್ನ ತಕರಾರು ಅಷ್ಟೇ. ಈಗ ಇರುವುದು ಕ್ರಿಕೆಟ್ ಸ್ಟೇಡಿಯಂ, ಕುದುರೆ ರೇಸಿನ ಮೈದಾನ, ಪ್ರದರ್ಶನದ ಮೈದಾನ. ಸಂಗೀತಕ್ಕೆ ಅಂತ ಕಟ್ಟಿದ್ದು ಯಾವುದು?

2003ರ ಏಪ್ರಿಲ್‌ನಲ್ಲಿ ಬ್ರೆಬೋರ್ನ್ ಸ್ಟೇಡಿಯಮ್ಮಿಗೆ ರೋಲಿಂಗ್ ಸ್ಟೋನ್ಸ್ ಬಂದರು, ಬೆಂಗಳೂರು ಮುಗಿಸಿಕೊಂಡು. ಅವರ ಹಾಡುಗಾರ ಮಿಕ್ ಜಾಗರ್‌ಗೆ ಆಗ ಅರವತ್ತು ತುಂಬಲು ಮೂರೇ ತಿಂಗಳು. ನಮ್ಮ ಮ್ಯಾನೇಜರಿಗಿಂತ ಹಿರಿಯ, ಓಡಿದ ಓಟ ಮಾತ್ರ ಪ್ಯೂನ್ ಹುಡುಗನಿಗೂ ಆಗದು.

ಅದೇ ನಿಯಮದಲ್ಲಿ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಬಂದ್; ಆ ಹತ್ತು ಗಂಟೆಯ ಪೆಟ್ಟು ಬರೀ ರಾಕ್‌ಗೆ ಬಿದ್ದದ್ದಲ್ಲ. ಪೇಢೆಯವರಿಗೆ ಗೊತ್ತಿರುತ್ತದೆ, ಪುಣೆಯ ಸವಾಯಿ ಗಂಧರ್ವ ಉತ್ಸವ. ಕುಂದಗೋಳದ ಗುರುಗಳ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ್ದು. ಬೆಳಗಿನ ಜಾವದ ತನಕ ನಡೆಯುತ್ತಿತ್ತು. ಈಗ ಗಡಿಯಾರ ನೋಡಿ ರಾಗ ಆರಿಸಬೇಕು.

ಧಾರವಾಡ ಪೇಢೆ, ಹಿಂಜವಡಿ · ಭಾನುವಾರ ಸಂಜೆ 4:05

ರಾಯರ, ಅದು ಖರೇನ. ನಮ್ಮ ಕಾಕಾ ಶಾಲು ಹೊದ್ದು, ಥರ್ಮಾಸ್ ಹಿಡಕೊಂಡು ಸವಾಯಿಗೆ ಬರಾಂವ. ರಾತ್ರಿ ಎರಡಕ್ಕ ಕೇಳಬೇಕಾದ ರಾಗ ಈಗ ಎಲ್ಲಿ ಕೇಳೂದು ಅಂತ ಸಾಯೂತನಕಾ ಗೊಣಗಿದ.

ಕುಂದಾಪ್ರದ ಮಾಣಿ, ಡೊಂಬಿವಲಿ · ಭಾನುವಾರ ಸಂಜೆ 4:20

ನಮ್ಮ ಆಟದ್ದೂ ಅದೇ ಪಾಡು. ಇಲ್ಲಿ ಹಾಲ್‌ನಲ್ಲಿ ಆಗುವುದು ಎಲ್ಲ ಕಾಲಮಿತಿ ಯಕ್ಷಗಾನ. ಇನ್ನೇನು ವೇಷ ಬಿಸಿ ಆಯ್ತು ಅನ್ನುವಾಗ ಮಂಗಳ.

ವಾಸ್ಕೋ ವಿಜಾಪುರ · ಭಾನುವಾರ ರಾತ್ರಿ 11:50

ಎಲ್ಲಾರಿಗೂ ನಮಸ್ಕಾರ್ರಿ. ಮುಂಜಾನಿಂದ ನಿಮ್ಮ ಮಾತು ಓದಾಕತ್ತೀನಿ, ಈಗ ಕೆಲಸ ಮುಗೀತು. ನಮ್ಮಪ್ಪ ಬಂದರದಾಗ ಹಮಾಲಿ ಮಾಡಾಕ ವಾಸ್ಕೋಕ್ಕ ಬಂದಾವ. ನಾ ಸೌಂಡ್ ಸಿಸ್ಟಮ್ ಹೊರೂ ಹಮಾಲ. ಗೋವಾ, ಪುಣಾ, ಮುಂಬೈ, ಎಲ್ಲಿ ಸ್ಟೇಜ್ ಕಟ್ತಾರ ಅಲ್ಲಿ ಹೋಗ್ತೀನಿ. ಲೈಟು, ಸ್ಪೀಕರ್ ತೂಗಹಾಕೂ ಚೌಕಟ್ಟು, ಅಂದ್ರ ಟ್ರಸ್ ಏರಸೂದು, ಕೇಬಲ್ ಎಳಿಯೂದು, ಮಳಿ ಬಂದ್ರ ತಾಡಪಾಲ ಹೊಚ್ಚೂದು. ನಿಮಗ ಹಾಡುಗಾರನ ಮುಖ ಕಾಣ್ತದ, ನಮಗ ಅವನ ಬೆನ್ನು.

ಮಾಣಿ ಅಣ್ಣಾರ ಬ್ಯಾಂಡಿನ ಕತಿ ನಾ ಹೇಳ್ತೀನಿ ಕೇಳ್ರಿ. ಒಂದ ದಿನಕ್ಕ ಹತ್ತು ಬ್ಯಾಂಡ್ ಇರೂ ಹಬ್ಬದಾಗ ಯಾರಿಗೂ ಪೂರಾ ಸೌಂಡ್‌ಚೆಕ್, ಅಂದ್ರ ಶೋಕ್ಕ ಮೊದಲ ಬಾರಿಸಿ ಸಪ್ಪಳ ಹೊಂದಸೂದು, ಸಿಗೂದಿಲ್ರಿ. ವೈರ್ ಹಚ್ಚಿ, ಒಂದೊಂದು ಮೈಕ್ ‘ಟಕ್ ಟಕ್’ ಅಂದು ನೋಡೂದು, ಅದಕ್ಕ ಲೈನ್‌ಚೆಕ್ ಅಂತೀವಿ. ಆಮ್ಯಾಲೆ ಸೀದಾ ಹಾಡು. ಮೊದಲ ಎರಡು ಹಾಡಿನಾಗ ಎಂಜಿನಿಯರ್ ಇನ್ನೂ ಹುಡುಕಾಡ್ತಿರ್ತಾನ. ಬ್ಯಾಂಡಿನ ಸ್ವಂತ ಎಂಜಿನಿಯರ್ ಬಂದಿದ್ರ ಲಗೂನ ಸಿಗ್ತದ. ಇಲ್ಲಾಂದ್ರ ದೇವರೇ ಗತಿ. ಮತ್ತ ಹೊತ್ತು ಮುಣಗೂಕಿಂತ ಮುಂಚೆ ನೆಲ ಕಾದಿರ್ತದ, ಸಪ್ಪಳ ಮ್ಯಾಲ ಬಾಗಿ ಹಾರಿ ಹೋಗ್ತದ. ರಾತ್ರಿ ನೆಲ ತಣ್ಣಗಾದ್ರ ಸಪ್ಪಳ ಕೆಳಗ ಬಾಗ್ತದ, ದೂರ ಕೇಳಸ್ತದ. ಸಂಜಿ ಐದರ ಬ್ಯಾಂಡ್ ಪಾಪ, ಎಷ್ಟ ಛಲೋ ಬಾರಿಸಿದ್ರೂ ಸೊರಗಿದಂಗ.

ಐವತ್ತೈದು ನಿಮಿಷ ಅಂದ್ರಲ್ಲ, ಅದು ಕರಾರಿನಾಗ ಬರದಿರ್ತದ. ಹಿಂದಿನವರು ತಡಾ ಮಾಡಿದ್ರ ಮುಂದಿನವರದು ಕತ್ತರಿ. ಹತ್ತಕ್ಕ ಬಂದ್ ಅಂದ್ರ ಬಂದ್.

ಬಾಯಿ ಮುಚ್ಚಿದ್ರೂ ಹಾಡು ಬಂದದ್ದು ಮೊದಲ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ರೀ. ಡ್ರಮ್ಮರ್ ಕಿವ್ಯಾಗ ಒಂದು ಟಿಕ್ ಟಿಕ್ ಓಡ್ತಿರ್ತದ. ಲೈಟು, ಪರದಿ ಮ್ಯಾಲಿನ ಚಿತ್ರ, ಹಿನ್ನೆಲೆ ದನಿ, ಎಲ್ಲಾ ಅದ ಗಡಿಯಾರಕ್ಕ ಕಟ್ಟಿರ್ತಾರ. ಮಂದಿ ಇನ್ನೊಮ್ಮೆ ಅಂದ್ರೂ ಹಾಡು ಉದ್ದ ಮಾಡಾಕ ಬರೂದಿಲ್ಲ, ಚಿತ್ರ ಮುಂದ ಹೋಗಿಬಿಡ್ತದ. ನೂರು ಲಾರಿ ಸಾಮಾನಿನ ಶೋಕ್ಕ ಇದು ಬೇಕಾಕ್ಕೈತಿ, ನಾ ಬೈಯಾಂಗಿಲ್ಲ. ಹಾಡೂ ದನೀನ ಟ್ರ್ಯಾಕಿನಾಗ ಇಟ್ಟು ಬಾಯಿ ಅಲ್ಲಾಡಸೂದು ಮಾತ್ರ ನನಗೂ ಸಿಟ್ಟು.

ಈಗ ನನ್ನ ಛಲೋ ಶೋ. ಮಾಪುಸಾ ಹತ್ರ ಒಂದು ಸಣ್ಣ ಜಾಗ, ಜೂನ್ ತಿಂಗಳು, ಟೂರಿಸ್ಟ್ ಯಾರೂ ಇಲ್ಲ, ಧೋ ಧೋ ಮಳಿ. ಈಶಾನ್ಯದ ಕಡೀ ಒಂದು ಬ್ಯಾಂಡ್, ಒಂಬತ್ತು ದಿನದಾಗ ಏಳನೇ ಶೋ, ವ್ಯಾನಿನಾಗ ಮಲಗಿ ಎದ್ದು ಬಂದಿದ್ರು. ಮಂದಿ ಅರವತ್ತು ಇದ್ದಿರಬೇಕು. ಮೂರನೇ ಹಾಡಿಗೆ ಕರೆಂಟ್ ಹೋತು. ಜನರೇಟರ್ ನೋಡಾಕ ಹೋದ್ರ ಡೀಸೆಲ್ ಇಲ್ಲ. ನಾ ಅಂದ್ನಿ, ಮುಗೀತು, ಗಂಟು ಕಟ್ಟೂದ. ಡ್ರಮ್ ಬಾರಸೂ ಹುಡುಗ ಒಂದು ಬೀರ್ ಕ್ರೇಟ್ ಬೋರಲ ಹಾಕಿ ಕುಂತ. ಹಾಡೂ ಹುಡುಗಿ ಟೇಬಲ್ ಹತ್ತಿದಳು. ಮೊಬೈಲ್ ಬೆಳಕು. ಹಿಂದಿದ್ದ ಮಂದಿ ಎಲ್ಲಾ ಮುಂದ ಬಂದು ಸುತ್ತಗಟ್ಟಿ ನಿಂತ್ರು, ನಮ್ಮೂರಾಗ ಮೊಹರಮ್ಮಿನ ಹೆಜ್ಜೆ ಮ್ಯಾಳ ನೋಡಿದಂಗ. ಅರ್ಧ ತಾಸು ಹಂಗ ಹಾಡಿದ್ರು. ನಡುವ ಕರೆಂಟ್ ಬಂತು, ಸ್ಪೀಕರ್ ಕಿರ್ರ್ ಅಂತು, ಮಂದಿ ಎಲ್ಲಾ ‘ಏಏಏ’ ಅಂತ ನನ್ನ ಕಡೆ ತಿರುಗಿ ಬೈದ್ರು. ಓಡಿ ಹೋಗಿ ಮೇನ್ ಇಳಿಸಿದ್ನಿ. ಇಷ್ಟು ವರ್ಷದ ಕೆಲಸದಾಗ ಸೌಂಡ್ ಬಂದ್ ಮಾಡಿದ್ದಕ್ಕ ಚಪ್ಪಾಳಿ ಬಿದ್ದದ್ದು ಅವತ್ತೊಂದ ಸಲ.

ರಂಗ್ ಭವನದ ರಾಯರು · ಸೋಮವಾರ ಬೆಳಿಗ್ಗೆ 6:10

ವಿಜಾಪುರದ ತಮ್ಮಾ, ನಿನ್ನ ಬರಹ ಎರಡು ಸಲ ಓದಿದೆ. ಆ ಟೇಬಲ್ ಹತ್ತಿದ ಹುಡುಗಿ ರಂಗ್ ಭವನದಲ್ಲಿ ಹಾಡಬೇಕಿತ್ತು.

ನೆರೂಳ್ ನಾಗವೇಣಿ · ಸೋಮವಾರ ಬೆಳಿಗ್ಗೆ 9:30

ರಾಯರೇ, ಬಲ್ಬಿನ ಮಾತಿಗೆ ನನ್ನ ಉತ್ತರ ಬಾಕಿ ಇದೆ. ಆ ಪಟ್ಟಿ ಶೋ ಮುಗಿದ ಮೇಲೆ ವಾಪಸ್ ಕೊಡಬೇಕು. ಯಾವ ಊರಿನವರು ನೂರಕ್ಕೆ ಎಷ್ಟು ವಾಪಸ್ ಕೊಟ್ಟರು ಅಂತ ಮುಂದಿನ ಊರಿನ ಪರದೆಯಲ್ಲಿ ತೋರಿಸುತ್ತಾರೆ. ನಮ್ಮ ಮುಂದೆ ಒಬ್ಬ ಪುಟ್ಟ ಹುಡುಗ ಕೊಡಲ್ಲ ಅಂತ ಅತ್ತ. ಅವನಮ್ಮ ‘ಮುಂಬೈ ಮಾನ ಹೋಗುತ್ತೆ ಕಣೋ’ ಅಂತ ಬಿಚ್ಚಿಸಿದರು. ಬಲ್ಬುಗಳಿಗೂ ಮಾನ ಇದೆ ಸಾರ್!

ಕುಂದಾಪ್ರದ ಮಾಣಿ, ಡೊಂಬಿವಲಿ · ಸೋಮವಾರ ರಾತ್ರಿ 10:15

ಎಲ್ಲ ಓದಿದೆ. ಮೊಬೈಲಿನಲ್ಲಿ ತೆಗೆದ ವಿಡಿಯೋ ಇವತ್ತು ರೈಲಿನಲ್ಲಿ ಪುನಃ ನೋಡಿದೆ. ಪೇಢೆಯವರು ಹೇಳಿದ್ದು ಅರ್ಧ ಸರಿ. ಹಿಂದೆ ನಿಂತಿದ್ದ ಗೆಳೆಯನ ವಿಡಿಯೋದಲ್ಲಿ ಗಿಟಾರ್ ಉಂಟು, ನನ್ನದರಲ್ಲಿ ಇಲ್ಲ. ಹಾಡುಗಾರನ ಬಾಯಿ ಮಾತ್ರ ಇಬ್ಬರದ್ದರಲ್ಲೂ ಮುಚ್ಚಿಯೇ ಉಂಟು.

ಭಾನುವಾರ ಸಂಜೆ ಮಾವನ ಹತ್ತಿರ ಹೋಗಿದ್ದೆ. ಕ್ಯಾಂಟೀನು ಈಗ ಮಗನ ಕೈಗೆ, ಮಾವ ಮೂಲೆಯ ಕುರ್ಚಿಯಲ್ಲಿ ಕೂತು ಚಟ್ನಿಗೆ ಉಪ್ಪು ಕಮ್ಮಿ ಅಂತ ಹೇಳುವ ಕೆಲಸ. ಊರಲ್ಲಿದ್ದಾಗ ಒಂದು ಮೇಳದಲ್ಲಿ ಎರಡು ತಿರುಗಾಟ ಮಾಡಿದ ಜನ ಅವರು, ಬಾಲಗೋಪಾಲ ವೇಷಕ್ಕೆ. ನವೆಂಬರಿಗೆ ಹೊರಟರೆ ಮೇ ಕೊನೆಯ ಪತ್ತನಾಜೆಯ ವರೆಗೆ ದಿನಾ ಒಂದು ಊರು, ದಿನಾ ಆಟ. ನನ್ನ ಒಂಬತ್ತು ಸಾವಿರದ ಕತೆ ಹೇಳಿದೆ.

‘ಹಿಂದಿನ ಆಟ ಎಲ್ಲಿ ಇತ್ತಂತೆ ಅವರದ್ದು?’ ಅಂತ ಕೇಳಿದರು. ನೋಡಿದರೆ ಮೂರು ದಿನ ಮೊದಲು ಬೇರೆಯೇ ಖಂಡದಲ್ಲಿ.

‘ನಿದ್ದೆಗೆಟ್ಟ ವೇಷ ಮಾರಾಯ. ನಾನು ಸಿದ್ದಾಪುರದ ಆಟದಲ್ಲಿ ನಿಂತಲ್ಲೇ ನಿದ್ದೆ ಮಾಡಿದ್ದೆ, ಚಂಡೆಯವರು ಬೆನ್ನಿಗೆ ಕೋಲಿನಿಂದ ತಿವಿದು ಎಬ್ಬಿಸಿದ್ದು.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದೆಲ್ಲ ಸರಿ. ಆದರೆ ಬಸ್ರೂರಿಗೆ ಬಂದು ನಿಂತು ‘ಹಲೋ ಕರ್ನಾಟಕ’ ಅಂದರೆ ಕಲ್ಲು ಬೀಳ್ತದೆ’ ಅಂದರು.

ಅಂದಹಾಗೆ ಇನ್ನೊಂದು ಬ್ಯಾಂಡಿನ ಟಿಕೆಟ್ ಬುಕ್ ಮಾಡಿದೆ. ಈ ಸಲ ಎರಡೂವರೆ ಸಾವಿರದ್ದು. ಕನ್ಸೋಲ್ ಹಿಂದೆ ಇರ್ತೇನೆ, ಹಳದಿ ರೇನ್‌ಕೋಟು. ಮುಂಬೈಯವರು ಬಂದರೆ ಮಾತಾಡಿಸಿ. ಕಿವಿಯ ಗುಂಯ್ ಇನ್ನೂ ಹೋಗಲಿಲ್ಲ, ಅದಕ್ಕೇನು ಮಾಡುವುದು?

ಧಾರವಾಡ ಪೇಢೆ, ಹಿಂಜವಡಿ · ಸೋಮವಾರ ರಾತ್ರಿ 10:40

ಎರಡು ದಿನ ಆತಲ್ರೀ? ಮೊದಲ ಕಿವಿ ಡಾಕ್ಟರಿಗೆ ತೋರಸ್ರಿ, ತಡಾ ಮಾಡಬ್ಯಾಡ್ರಿ. 85 ಡೆಸಿಬಲ್ ಇದ್ರ ಎಂಟು ತಾಸು ತಡೀಬಹುದು ಅಂತ ಲೆಕ್ಕ. ಮ್ಯಾಲೆ ಮೂರು ಮೂರು ಡೆಸಿಬಲ್ ಏರಿದಂಗ ಹೊತ್ತು ಅರ್ಧ ಅರ್ಧ ಇಳೀತದ. 100ಕ್ಕ ಹದಿನೈದ ನಿಮಿಷ. ನೀವು ನಿಂತದ್ದು ಬೇಸ್ ಬಾಯಾಗ, ಅದೂ ನಾಕ ಗಂಟೆಯಿಂದ. ಮುಂದಿನ ಸಲ ಇಯರ್‌ಪ್ಲಗ್ ಹಾಕ್ಕೊಳ್ರಿ.

ಮಾಟುಂಗಾ ಮಲ್ಲಿಗೆ · ಸೋಮವಾರ ರಾತ್ರಿ 10:52

ಅದರ ಬದಲು ಹತ್ತಿ ಸಾಲದು, ನಮ್ಮಪ್ಪನದ್ದು ಬರೀ ಸಮಾಧಾನಕ್ಕೆ. ಹಳದಿ ರೇನ್‌ಕೋಟು ಹುಡುಕುತ್ತೇನೆ. ಅಪ್ಪನೂ ಬರಬಹುದು, ‘ಬೋನಯ್ಯ ಇರ್ತಾನಾ’ ಅಂತ ಕೇಳಿದರು. ಇಲ್ಲ ಅಂದೆ. ಯೋಚನೆ ಮಾಡ್ತಿದ್ದಾರೆ.